ಫಿಲ್ಟರ್ ಸ್ಪಂಜನ್ನು ನಲ್ಲಿಯಡಿ ತೊಳೆಯಬೇಡಿ

ಮಾನ್ಯರೇ,

ಅಕ್ವೇರಿಯಂ ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಮೀನು ಸಾಯುವುದುಂಟು. ಮೀನಿನ ಹಿಕ್ಕೆ, ಮಿಕ್ಕ ಆಹಾರದಿಂದ ಹುಟ್ಟುವ ಅಮೋನಿಯಾ ಕಣ್ಣಿಗೆ ಕಾಣದು. ಫಿಲ್ಟರ್‌ನ ಸ್ಪಂಜು, ಸೆರಾಮಿಕ್ ರಿಂಗ್‌ಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಈ ವಿಷವನ್ನು ನೈಟ್ರೈಟ್, ಬಳಿಕ ಅಪಾಯ ಕಡಿಮೆಯಿರುವ ನೈಟ್ರೇಟ್ ಮಾಡುತ್ತವೆ. ಅವು ಬೇರೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೊದಲ ದಿನವೇ ಹತ್ತು ಗೋಲ್ಡ್‌ಫಿಶ್ ಬಿಟ್ಟರೆ ಏನಾದೀತು, ಬಿಡಿಸಿ ಹೇಳಬೇಕೆ?

ದೊಡ್ಡ ಎಡವಟ್ಟು ಆಗುವುದು ತೊಳೆಯುವಾಗ. ಸ್ಪಂಜನ್ನು ನಲ್ಲಿ ನೀರಿನಲ್ಲಿ ಬೆಳ್ಳಗಾಗುವಂತೆ ಉಜ್ಜಿದರೆ ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ ಸಾಯುತ್ತವೆ. ಅಮೋನಿಯಾ ಏರಿ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗುತ್ತವೆ. ತೊಟ್ಟಿಯಿಂದಲೇ ತೆಗೆದ ಅರ್ಧ ಬಕೆಟ್ ನೀರಿನಲ್ಲಿ ಎರಡು ಸಲ ಹಿಂಡಿದರೆ ಸಾಕು, ಕಂದು ಬಣ್ಣ ಹಾಗೇ ಇರಲಿ. ಕರೆಂಟ್ ಉಳಿತಾಯಕ್ಕೆಂದು ರಾತ್ರಿ ಫಿಲ್ಟರ್ ಆರಿಸುವುದೂ ಬೇಡ; ನೀರು ಹರಿಯದಿದ್ದರೆ ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಸಾಲದು.

ನೈಟ್ರೇಟ್ ಮಾತ್ರ ಇಂಥ ಫಿಲ್ಟರ್‌ನಲ್ಲಿ ಹೋಗದು. ಅದನ್ನು ಒಡೆಯುವ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕವಿಲ್ಲದ ಜಾಗ ಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದೇ ದಾರಿ: ಲೀಟರಿಗೆ 80 ಮಿಲಿಗ್ರಾಂ ಇದ್ದ ನೈಟ್ರೇಟ್ 60ಕ್ಕಿಳಿಯುತ್ತದೆ, ಅದೂ ಹೊಸ ನೀರಿನಲ್ಲಿ ನೈಟ್ರೇಟ್ ಇಲ್ಲದಿದ್ದರೆ. ಕೊಳವೆಬಾವಿ ನೀರನ್ನು ಮೊದಲು ಟೆಸ್ಟ್ ಕಿಟ್‌ನಲ್ಲಿ ನೋಡಿ. ಮನಿಪ್ಲಾಂಟ್ ಬೇರನ್ನು ನೀರಿಗಿಳಿಸಿ ಎಲೆ ಹೊರಗಿಟ್ಟರೆ ಅದೂ ಒಂದಿಷ್ಟು ಹೀರುತ್ತದೆ.

– ಅಕ್ವೇರಿಯಂ ಹವ್ಯಾಸಿ, ಮೈಸೂರು