ಏಷ್ಯಾ ಅನ್ನುವ ಬಂಡೆಯ ಕಥೆಯನ್ನೂ ಬರೆಯಿರಿ

ಸಂಪಾದಕರೇ, ನಮಸ್ಕಾರ.

ಕ್ಷುದ್ರಗ್ರಹ ಅಂದರೆ ಸಾಕು, ಟಿವಿಯಲ್ಲೂ ಪೇಪರಿನಲ್ಲೂ 'ಭೂಮಿಗೆ ಗಂಡಾಂತರ' ಅನ್ನುವ ಸುದ್ದಿಯೇ ಬರುತ್ತದೆ. ಎಂಟನೇ ಕ್ಲಾಸಿನ ನನ್ನ ಮಗಳು ಅಂಥದ್ದೊಂದನ್ನು ಓದಿ ರಾತ್ರಿ ನಿದ್ದೆ ಮಾಡಲಿಲ್ಲ. ಅವಳಿಗೆ ನಾನು ಹೇಳಿದ್ದು ಮದ್ರಾಸಿನ ಕಥೆ.

1861ರ ಏಪ್ರಿಲ್ 17ರಂದು ಮದ್ರಾಸ್ ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ ಹೊಸ ಕ್ಷುದ್ರಗ್ರಹವೊಂದನ್ನು ಕಂಡುಹಿಡಿದರು. ಇಂಗ್ಲೆಂಡಿನಿಂದ ಬಂದು ಕೆಲವೇ ತಿಂಗಳಾಗಿತ್ತು. ಆಗ ಈ ಕೆಲಸಕ್ಕೆ ಫೋಟೊ ಇರಲಿಲ್ಲ, ಅದು ಶುರುವಾಗಿದ್ದು 1891ರಲ್ಲಿ. ನಕ್ಷತ್ರಗಳ ನಕ್ಷೆ ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿ ಇಲ್ಲದ ಚುಕ್ಕೆ ಆಕಾಶದಲ್ಲಿ ಏನಾದರೂ ಇದೆಯಾ, ಇದ್ದರೆ ಮಾರನೇ ರಾತ್ರಿಗೆ ಅದು ಸ್ವಲ್ಪ ಜರುಗಿದೆಯಾ ಅಂತ ದೂರದರ್ಶಕಕ್ಕೆ ಕಣ್ಣಿಟ್ಟು ನೋಡಬೇಕಿತ್ತು. ಎಂಥ ತಾಳ್ಮೆ ಬೇಕು, ಅಲ್ವಾ?

ಏಷ್ಯಾ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ ಅದು. ಹಾಗಾಗಿ ಹೆಸರೂ ಏಷ್ಯಾ, ನಂಬರ್ 67. ಗ್ರೀಕ್ ಪುರಾಣದಲ್ಲೂ ಆ ಹೆಸರಿನ ದೇವತೆ ಇದ್ದಾಳೆ. ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯಲ್ಲಿ ಸುತ್ತುವ ಕಲ್ಲಿನ ಕಾಯ ಇದು. ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 3 ವರ್ಷ 9 ತಿಂಗಳು. ಅಡ್ಡಳತೆ ಸುಮಾರು 60 ಕಿ.ಮೀ., ಅಂದರೆ ಹಾಸನದಲ್ಲಿ ಬಸ್ ಹತ್ತಿ ಬೇಲೂರು ದಾಟಿ ಚಿಕ್ಕಮಗಳೂರಲ್ಲಿ ಇಳಿದಷ್ಟು. ಭೂಮಿಯ ತಂಟೆಗೆ ಬರುವಂಥದ್ದಲ್ಲ. ಇದನ್ನು ಕೇಳಿದ ಮೇಲೆ ಮಗಳ ಭಯ ಹೋಯಿತು, ಪ್ರಶ್ನೆ ಜಾಸ್ತಿಯಾದವು.

ಆ ಮದ್ರಾಸ್ ವೀಕ್ಷಣಾಲಯವೇ ಮುಂದೆ ಕೊಡೈಕೆನಾಲಿಗೆ ಹೋಗಿ, ಈಗ ಬೆಂಗಳೂರಿನ ಕೋರಮಂಗಲದ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯಾಗಿದೆ. ಅದರದೇ ಕಾವಲೂರು ವೀಕ್ಷಣಾಲಯದಲ್ಲಿ 1988ರಲ್ಲಿ ಸಿಕ್ಕ ಕ್ಷುದ್ರಗ್ರಹಕ್ಕೆ ಗಣಿತಜ್ಞ ರಾಮಾನುಜನ್ ಹೆಸರಿಟ್ಟರು. ಈಗಲೂ ಕಂಡುಹಿಡಿದವರೇ ಹೆಸರು ಸೂಚಿಸಬಹುದು. 16 ಇಂಗ್ಲಿಷ್ ಅಕ್ಷರ ಮೀರಬಾರದು. ರಾಜಕಾರಣಿಯ ಹೆಸರಾದರೆ ಅವರು ತೀರಿಕೊಂಡು 100 ವರ್ಷ ಆಗಿರಬೇಕು. ಬಹಳ ಒಳ್ಳೆಯ ನಿಯಮ.

ನಮ್ಮ ಹಾಸನದ ಮಕ್ಕಳು ಸಾಲಗಾಮೆ ರಸ್ತೆಯಲ್ಲಿ ಎಂಸಿಎಫ್‌ನ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದ) ದೊಡ್ಡ ಡಿಶ್‌ಗಳನ್ನು ನೋಡುತ್ತಲೇ ಬೆಳೆಯುತ್ತಾರೆ. ಹವಾಯಿಯ ದೂರದರ್ಶಕ ತೆಗೆದ ಚಿತ್ರಗಳನ್ನು ಶಾಲೆಗಳಿಗೆ ಉಚಿತವಾಗಿ ಕಳಿಸಿ, ಜರುಗುವ ಚುಕ್ಕೆಯನ್ನು ಮಕ್ಕಳಿಂದಲೇ ಹುಡುಕಿಸುವ ಅಂತಾರಾಷ್ಟ್ರೀಯ ಕಾರ್ಯಕ್ರಮವೊಂದಿದೆ. ಪಾಗ್ಸನ್ ಮಾಡಿದ ಕೆಲಸವೇ, ಈಗ ಕಂಪ್ಯೂಟರಿನಲ್ಲಿ. ಇದಕ್ಕೆ ಸೇರುವುದು ಹೇಗೆ ಅಂತ ನಿಮ್ಮ ಪತ್ರಿಕೆಯಲ್ಲಿ ವಿವರವಾಗಿ ಬರೆಯಿರಿ, ನಮ್ಮೂರಿನ ಮೇಷ್ಟ್ರುಗಳಿಗೆ ತಲುಪಲಿ. ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲೇ ಬಂದರೆ ಇನ್ನೂ ಒಳ್ಳೆಯದು.

– ಒಬ್ಬ ಓದುಗ, ಹಾಸನ