ಬುದ್ಧನಿಗೆ ಇಷ್ಟೊಂದು ಚಿನ್ನ ಯಾಕೆ? ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನೂ ಬ್ಯಾಂಕಾಕ್‌ಗೆ ಹೊರಟಿದ್ದೀಯ ಅಂತ ಕೇಳಿ ತುಂಬಾ ಖುಷಿಯಾಯಿತು. ನಾನು ಕಳಿಸಿದ್ದ ಫೋಟೋಗಳನ್ನು ನೋಡಿ ನೀನು ಕೇಳಿದ ಮಾತು ಮಾತ್ರ ತಲೆಯಲ್ಲೇ ಉಳಿದುಬಿಟ್ಟಿದೆ. "ಅಮ್ಮಾ, ಬುದ್ಧ ಅರಮನೆಯನ್ನೇ ಬಿಟ್ಟು ಹೋದವನು. ಅವನಿಗೆ ಇಷ್ಟೊಂದು ಚಿನ್ನ ಯಾಕೆ?" ಅಂದಿದ್ದೆ. ಒಳ್ಳೆಯ ಪ್ರಶ್ನೆ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವಂಥದ್ದಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ವಾಟ್ ಅರುಣ್‌ಗೆ ಹೋಗು. ಅಲ್ಲಿ ದೇವಾಲಯಕ್ಕೆ ವಾಟ್ ಅನ್ನುತ್ತಾರೆ. ಚಾವೋ ಪ್ರಾಯಾ ನದಿಯ ಈಚೆ ದಡದಿಂದ ದೋಣಿ ಹತ್ತಿದರೆ ಕೆಲವೇ ನಿಮಿಷದಲ್ಲಿ ಆಚೆ ದಡ. ದೋಣಿಯಿಂದ ನೋಡಿದರೆ ಬರೀ ಒಂದು ಎತ್ತರದ ಬಿಳಿ ಗೋಪುರ. ಹತ್ತಿರ ಹೋದಂತೆ ಮೈತುಂಬಾ ಹೂವು ಕಾಣಿಸುತ್ತದೆ. ಇನ್ನೂ ಹತ್ತಿರ ಹೋಗಿ ಕಣ್ಣಿಟ್ಟು ನೋಡು. ಆ ಹೂವಿನ ಎಸಳುಗಳೆಲ್ಲ ಪಿಂಗಾಣಿ ತಟ್ಟೆಯ ಚೂರುಗಳು! ಕೆಲವು ಕಡೆ ಇಡೀ ಬಟ್ಟಲನ್ನೇ ಗಾರೆಗೆ ಒತ್ತಿದ್ದಾರೆ, ನಡುನಡುವೆ ಸಮುದ್ರದ ಚಿಪ್ಪುಗಳೂ ಇವೆ. ಚೀನಾದಿಂದ ಬರುತ್ತಿದ್ದ ವ್ಯಾಪಾರದ ಹಡಗುಗಳು ಓಲಾಡದಿರಲಿ ಅಂತ ತಳದಲ್ಲಿ ಭಾರಕ್ಕೆ ತುಂಬಿಕೊಂಡು ಬಂದ ಪಿಂಗಾಣಿ ಅದು ಅಂತ ಹೇಳುತ್ತಾರೆ. ಎರಡನೆಯ ರಾಮ ಅನ್ನುವ ದೊರೆ ಗೋಪುರವನ್ನು ಎತ್ತರಿಸಲು ಶುರುಮಾಡಿದ, ಮೂರನೆಯ ರಾಮನ ಕಾಲದಲ್ಲಿ ಕೆಲಸ ಮುಗಿಯಿತು. ಕೆಳಗೆ ಯಕ್ಷರು, ಕಪಿಗಳು ಸಾಲಾಗಿ ನಿಂತು ಗೋಪುರದ ಭಾರ ಹೊತ್ತಿದ್ದಾರೆ. ಮೇಲೆ ಐರಾವತದ ಮೇಲೆ ಕೂತ ಇಂದ್ರ.

2013ರಿಂದ 2017ರವರೆಗೆ ಈ ಗೋಪುರವನ್ನು ದುರಸ್ತಿ ಮಾಡಿದರು. ಜಾಸ್ತಿ ಬೆಳ್ಳಗಾಯಿತು, ಹಳೆಯ ಕಳೆ ಹೋಯಿತು ಅಂತ ಅಲ್ಲಿಯವರೇ ಕೆಲವರು ಬೇಜಾರು ಮಾಡಿಕೊಂಡರು. ನನಗಂತೂ ಹಾಗೆ ಅನ್ನಿಸಲಿಲ್ಲ. ಮೊದಲ ಸಲ ಕಟ್ಟಿ ಮುಗಿಸಿದವರ ಕಣ್ಣಿಗೆ ಅದು ಹೀಗೇ ಹೊಳೆದಿರಬೇಕು ಅಲ್ವಾ?

ಇಲ್ಲಿಂದ ಶುರುಮಾಡು ಅಂತ ನಾನು ಹೇಳೋದಕ್ಕೆ ಕಾರಣ ಇದೆ. ಅಲ್ಲಿಯ ಬೆಡಗೆಲ್ಲ ದುಡ್ಡಿನ ಆಡಂಬರ ಅಂತ ದೂರದಿಂದ ಅನ್ನಿಸಿಬಿಡುತ್ತದೆ. ಒಡೆದ ತಟ್ಟೆಯಲ್ಲಿ ಅರಳಿದ ಹೂವನ್ನು ಒಮ್ಮೆ ನೋಡಿದರೆ ಆಮೇಲೆ ಎಲ್ಲ ಕಡೆಯೂ ಕಣ್ಣು ಕೈಕೆಲಸದ ಕಡೆಗೇ ಹೋಗುತ್ತದೆ. ಒಂದೊಂದು ಚೂರನ್ನೂ ಯಾರೋ ಕೂತು ಆರಿಸಿದ್ದಾರೆ. ಯಾವ ಎಸಳಿಗೆ ಯಾವ ಬಣ್ಣ ಅಂತ ಯೋಚಿಸಿದ್ದಾರೆ. ಅವರ ಹೆಸರು ಎಲ್ಲೂ ಇಲ್ಲ.

ಇನ್ನು ಚಿನ್ನದ ವಿಷಯ. ಅನೇಕ ದೇವಾಲಯಗಳಲ್ಲಿ ಭಕ್ತರಿಗೆ ಚಿನ್ನದ ರೇಕು ಸಿಗುತ್ತದೆ. ಚಿಕ್ಕ ಕಾಗದದ ಮಡಿಕೆಯೊಳಗೆ ಬೆರಳಗಲದ ರೇಕು, ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುವಷ್ಟು ತೆಳು. ಅದನ್ನು ಬುದ್ಧನ ಮೂರ್ತಿಗೆ ಮೆಲ್ಲಗೆ ಅಂಟಿಸುತ್ತಾರೆ. ಶಾಲೆಯ ಮಕ್ಕಳು, ಕೆಲಸಕ್ಕೆ ಹೊರಟವರು, ಕೋಲು ಊರಿಕೊಂಡು ಬಂದ ಅಜ್ಜಿಯರು, ಎಲ್ಲರೂ. ಎಷ್ಟೋ ಕೈಗಳ ರೇಕು ಒಂದರ ಮೇಲೊಂದು ಕೂತು ಮೂರ್ತಿಯ ಮುಖ ಮೂಗೇ ಮಾಸಿಹೋಗಿರುತ್ತದೆ. ಬುದ್ಧನಿಗೆ ಚಿನ್ನ ಬೇಕಿಲ್ಲ ಅನ್ನೋದು ಅವರಿಗೂ ಗೊತ್ತು ಪುಟ್ಟಿ. ಕೊಡಬೇಕು ಅನ್ನಿಸೋದು ಇವರಿಗೆ. ಥಾಯ್ ಜನರಲ್ಲಿ ಒಂದು ಮಾತಿದೆ, 'ಬುದ್ಧನ ಬೆನ್ನಿಗೆ ಚಿನ್ನ ಹಚ್ಚು' ಅಂತ. ಯಾರ ಕಣ್ಣಿಗೂ ಬೀಳದ ಕಡೆ ಒಳ್ಳೆಯ ಕೆಲಸ ಮಾಡು ಅಂತ ಅರ್ಥ. ನೀನು ಮೂರ್ತಿಗಳ ಹಿಂದಕ್ಕೂ ಒಂದು ಸುತ್ತು ಹೋಗಿ ನೋಡು. ಹಿಂದಕ್ಕೆ ಹೋಗಲು ಬಿಡುವ ಕಡೆಯೆಲ್ಲ ನಾನು ಹೋಗಿ ನೋಡಿದೆ.

ವಾಟ್ ಟ್ರೈಮಿಟ್‌ನ ಕಥೆ ನಿನಗೆ ಇಷ್ಟವಾಗುತ್ತದೆ. ಅದು ಚೀನೀಯರ ಪೇಟೆಯ ಹತ್ತಿರ ಇದೆ. ಅಲ್ಲಿ ಒಂದು ದೊಡ್ಡ ಗಾರೆಯ ಬುದ್ಧ ವರ್ಷಗಟ್ಟಲೆ ತಗಡಿನ ಸೂರಿನ ಕೆಳಗೆ ಕೂತಿತ್ತು. 1955ರಲ್ಲಿ ಹೊಸ ಕಟ್ಟಡಕ್ಕೆ ಸಾಗಿಸುವಾಗ ಗಾರೆ ಒಡೆಯಿತು. ಒಳಗಿದ್ದದ್ದು ಚಿನ್ನ! ಸುಮಾರು ಐದೂವರೆ ಟನ್ ತೂಕದ ಮೂರ್ತಿ. ಹಿಂದೆ ಯಾವಾಗಲೋ ದಾಳಿಕೋರರ ಕಣ್ಣು ತಪ್ಪಿಸಲು ಗಾರೆ ಮೆತ್ತಿದ್ದರು, ಆಮೇಲೆ ಆ ಗುಟ್ಟು ಗೊತ್ತಿದ್ದವರು ಯಾರೂ ಉಳಿಯಲಿಲ್ಲ ಅಂತ ಹೇಳುತ್ತಾರೆ. ಗಾರೆಯ ಬುದ್ಧ ಅಂತ ತಿಳಿದಾಗಲೂ ಜನ ಕೈಮುಗಿಯುತ್ತಿದ್ದರಲ್ಲ, ನನಗೆ ಅದೇ ದೊಡ್ಡದು ಅನ್ನಿಸಿತು. ಒಡೆದ ಗಾರೆಯ ತುಂಡುಗಳನ್ನೂ ಅಲ್ಲಿ ಇಟ್ಟಿದ್ದಾರೆ. ಮರೆಯದೆ ನೋಡು.

ವಾಟ್ ಪೋನಲ್ಲಿ ಮಲಗಿರುವ ಬುದ್ಧ 46 ಮೀಟರ್ ಉದ್ದ, 15 ಮೀಟರ್ ಎತ್ತರ. ಕಟ್ಟಡದ ಕಂಬಗಳ ನಡುವೆ ಒಂದೇ ನೋಟಕ್ಕೆ ಪೂರ್ತಿ ಸಿಗುವುದಿಲ್ಲ. ಕೈ, ಭುಜ, ಮಂಡಿ ಅಂತ ತುಂಡುತುಂಡಾಗಿ ನೋಡುತ್ತಾ ಪಾದದವರೆಗೆ ನಡೆಯಬೇಕು. ಅಂಗಾಲುಗಳಲ್ಲಿ ಮುತ್ತಿನ ಚಿಪ್ಪು ಕೂರಿಸಿ 108 ಮಂಗಳ ಚಿಹ್ನೆಗಳನ್ನು ಮಾಡಿದ್ದಾರೆ. ಗೋಡೆಯುದ್ದಕ್ಕೂ 108 ಕಂಚಿನ ಪಾತ್ರೆಗಳು. ಜನ ಚಿಲ್ಲರೆ ಕಾಸು ಹಾಕುತ್ತಾ ಹೋಗುವಾಗ ಟಣ್ ಟಣ್ ಅನ್ನುವ ಸದ್ದು ನಿಲ್ಲುವುದೇ ಇಲ್ಲ.

ಹೆಚ್ಚಿನವರು ಇಷ್ಟು ನೋಡಿ ಹೊರಟುಬಿಡುತ್ತಾರೆ. ನೀನು ಹೊರಗಿನ ಮಂಟಪಗಳ ಗೋಡೆಯನ್ನೂ ನೋಡು. ಮೂರನೆಯ ರಾಮ 1830ರ ದಶಕದಲ್ಲಿ ವೈದ್ಯ, ಕಾವ್ಯ, ಧರ್ಮ ಎಲ್ಲವನ್ನೂ ಕಲ್ಲಿನ ಮೇಲೆ ಕೆತ್ತಿಸಿ ಅಲ್ಲಿ ಕೂರಿಸಿದ. ಮೈಯ ಯಾವ ಜಾಗ ಒತ್ತಿದರೆ ಯಾವ ನೋವು ಕಡಿಮೆಯಾಗುತ್ತದೆ ಅಂತ ಚಿತ್ರಗಳೂ ಇವೆ. ಓದು ಬಂದವರು ಯಾರೇ ಆಗಲಿ, ಬಂದು ಓದಿಕೊಳ್ಳಬಹುದಿತ್ತು. ಇವತ್ತು ಆ ಶಾಸನಗಳು ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಯಲ್ಲಿವೆ. ಥಾಯ್ ಮಸಾಜ್ ಕಲಿಸುವ ಹೆಸರಾದ ಶಾಲೆಯೂ ಅಲ್ಲೇ ಇದೆ. ದೇವಾಲಯದ ಗೋಡೆಗೆ ಇದಕ್ಕಿಂತ ಚೆಂದದ ಅಲಂಕಾರ ನಾನು ಕಂಡಿಲ್ಲ.

ಅರಮನೆಯ ಆವರಣದ ವಾಟ್ ಪ್ರಾ ಕೇವ್‌ಗೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗು. ತಡವಾದರೆ ಜನಜಾತ್ರೆ, ಬಿಸಿಲು ಬೇರೆ. ದಾರಿಯಲ್ಲಿ ಯಾರಾದರೂ "ಇವತ್ತು ಅರಮನೆ ಮುಚ್ಚಿದೆ, ಬೇರೆ ಕಡೆ ಕರೆದುಕೊಂಡು ಹೋಗ್ತೀನಿ" ಅಂದರೆ ನಂಬಬೇಡ. ನೇರ ಬಾಗಿಲಿಗೇ ಹೋಗಿ ನೋಡು.

ಬಾಗಿಲು ಕಾಯುವ ದೈತ್ಯರಲ್ಲಿ ಹಸಿರು ಬಣ್ಣದವನು ಯಾರು ಗೊತ್ತಾ? ನಮ್ಮ ಹತ್ತು ತಲೆಯ ರಾವಣ! ಒಳಗಿನ ಪ್ರಾಂಗಣದ ಗೋಡೆಯ ತುಂಬಾ ರಾಮಕಿಯೆನ್, ಅಂದರೆ ಅವರ ರಾಮಾಯಣ, 178 ಚಿತ್ರಗಳಲ್ಲಿ. ಬಿಳಿ ಬಣ್ಣದ ಹನುಮಂತ ಇಲ್ಲಿ ಬ್ರಹ್ಮಚಾರಿ ಅಲ್ಲ. ಸೇತುವೆ ಕಟ್ಟುವುದನ್ನು ತಡೆಯಲು ಬಂದ ರಾವಣನ ಮಗಳು, ಮತ್ಸ್ಯಕನ್ಯೆ, ಅವನನ್ನೇ ಪ್ರೀತಿಸಿಬಿಡುತ್ತಾಳೆ. ಈ ಗೋಡೆಗೆ ಒಂದು ಗಂಟೆಯಾದರೂ ಇಟ್ಟುಕೋ. ಮುಖ್ಯ ಕಥೆಗಿಂತ ಮೂಲೆಗಳಲ್ಲಿ ಬರೆದ ಸಣ್ಣ ಸಣ್ಣ ಜನರನ್ನು ನೋಡೋದೇ ಸೊಗಸು.

ಪಚ್ಚೆ ಬುದ್ಧ ಇರುವುದು ಇಲ್ಲೇ. ಕಲ್ಲು ನಿಜವಾಗಿ ಪಚ್ಚೆಯಲ್ಲ, ಜೇಡ್ ಅಥವಾ ಜಾಸ್ಪರ್ ಅನ್ನುವ ಹಸಿರು ಕಲ್ಲು ಅನ್ನುತ್ತಾರೆ. ಎತ್ತರ ಬರೀ 66 ಸೆಂಟಿಮೀಟರ್. ಅಷ್ಟು ದೊಡ್ಡ ಗುಡಿಯಲ್ಲಿ, ಅಷ್ಟು ಎತ್ತರದ ಪೀಠದ ಮೇಲೆ, ಅಷ್ಟು ಚಿಕ್ಕ ಬುದ್ಧ. ಬೇಸಿಗೆ, ಮಳೆ, ಚಳಿ ಅಂತ ಮೂರು ಕಾಲಕ್ಕೆ ಮೂರು ಚಿನ್ನದ ಉಡುಪು. ಉಡುಪು ಬದಲಿಸುವವರು ಸ್ವತಃ ದೊರೆ. ಆದರೆ ಅಲ್ಲಿ ಕೂತಾಗ ಇನ್ನೊಂದು ವಿಷಯವನ್ನೂ ನೆನೆಸಿಕೋ. ಈ ಮೂರ್ತಿ ಇನ್ನೂರಕ್ಕೂ ಹೆಚ್ಚು ವರ್ಷ ಲಾವೋಸ್‌ನ ವಿಯೆಂಟಿಯಾನ್‌ನಲ್ಲಿತ್ತು. 1779ರಲ್ಲಿ ಥಾಯ್ ಸೈನ್ಯ ಆ ಊರನ್ನು ಗೆದ್ದು ಇದನ್ನು ತಂದಿತು. ಸೈನ್ಯದ ಮುಂದಾಳೇ ಆಮೇಲೆ ಮೊದಲನೆಯ ರಾಮನಾದ, 1784ರಲ್ಲಿ ಮೂರ್ತಿಯನ್ನು ಇಲ್ಲಿ ಪ್ರತಿಷ್ಠೆ ಮಾಡಿಸಿದ. ವಿಯೆಂಟಿಯಾನ್‌ನಲ್ಲಿ ಅದು ಇದ್ದ ಗುಡಿ ಈಗ ವಸ್ತುಸಂಗ್ರಹಾಲಯ. ದೊರೆಗಳು ಕೊಟ್ಟ ಚಿನ್ನದಲ್ಲಿ ಭಕ್ತಿಯೂ ಇತ್ತು, ಗೆಲುವಿನ ಹೆಮ್ಮೆಯೂ ಇತ್ತು. ನಿನ್ನ ಪ್ರಶ್ನೆಯ ಈ ಮಗ್ಗುಲಿಗೆ ನನ್ನ ಹತ್ತಿರ ಸಮಾಧಾನದ ಉತ್ತರ ಇಲ್ಲ. ರೇಕು ಅಂಟಿಸುವ ಆ ಅಜ್ಜಿಯರ ಚಿನ್ನವನ್ನೂ ಇದನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗಲಾರೆ.

ಇನ್ನು ನಾಲ್ಕು ಮಾತು, ಅಮ್ಮನಾಗಿ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೋ. ಹೊಸ್ತಿಲು ತುಳಿಯಬೇಡ, ದಾಟಿ ಹೋಗು. ಬುದ್ಧನ ಮುಂದೆ ಕೂತಾಗ ಕಾಲನ್ನು ಹಿಂದಕ್ಕೆ ಮಡಚಿಕೋ, ಪಾದ ಅವನ ಕಡೆ ಚಾಚಬಾರದು. ಹೆಂಗಸರು ಭಿಕ್ಷುಗಳನ್ನು ಮುಟ್ಟುವ ಹಾಗಿಲ್ಲ. ಏನಾದರೂ ಕೊಡುವುದಿದ್ದರೆ ಅವರು ಹಾಸಿದ ಬಟ್ಟೆಯ ಮೇಲೆ ಇಡು. ಪಚ್ಚೆ ಬುದ್ಧನ ಗುಡಿಯೊಳಗೆ ಫೋಟೋ ತೆಗೆಯಬಾರದು, ಸುಮ್ನೆ ಕೂತು ನೋಡು. ಬುದ್ಧನ ಮೂರ್ತಿ ಕೊಂಡು ತರುವ ಆಸೆಯಿದ್ದರೆ ದೇಶದಿಂದ ಹೊರಗೆ ಒಯ್ಯಲು ಅಲ್ಲಿನ ಲಲಿತಕಲಾ ಇಲಾಖೆಯ ಪರವಾನಗಿ ಬೇಕು, ಅಂಗಡಿಯಲ್ಲೇ ಮೊದಲು ಕೇಳಿಕೋ.

ಒಂದು ದಿನಕ್ಕೆ ಎರಡಕ್ಕಿಂತ ಜಾಸ್ತಿ ದೇವಾಲಯ ಇಟ್ಟುಕೊಳ್ಳಬೇಡ. ಕಣ್ಣು ದಣಿದರೆ ಚಿನ್ನವೆಲ್ಲ ಒಂದೇ ಥರ ಕಾಣುತ್ತದೆ. ಟಿಕೆಟ್ ಆದ ಕೂಡಲೇ ತಾರೀಕು ತಿಳಿಸು, ಅಪ್ಪನೂ ಕೇಳುತ್ತಿದ್ದಾರೆ.

ಪ್ರೀತಿಯಿಂದ,
ನಿನ್ನ ಅಮ್ಮ