ಕೌದಿ ತಂದುಕೊಟ್ಟ ಅಣ್ಣನಿಗೆ

ಮಂಗಳವಾರ ಸಂಜೆ ಹಳಿಯಾಳ–ಯಲ್ಲಾಪುರ ಬಸ್ಸಿನಲ್ಲಿ ನನಗೆ ನಿದ್ದೆ ಹತ್ತಿತ್ತು. ಗಡಿಬಿಡಿಯಲ್ಲಿ ನಮ್ಮೂರ ಕ್ರಾಸಿನಲ್ಲಿ ಇಳಿದೆ, ಚೀಲ ಸೀಟಿನ ಕೆಳಗೇ ಉಳಿಯಿತು. ತಪ್ಪು ನನ್ನದೇ. ಒಳಗಿದ್ದದ್ದು ಆಯಿ ಹೊಲಿದ ಕೌದಿ, ಅದರ ಮಡಿಕೆಯಲ್ಲಿ ಅವಳ ಓಟದ ಪದಕ. ಆಯಿ ತೀರಿಕೊಂಡು ಇನ್ನೂ ಹದಿನೈದು ದಿನ.

ನೀವು ಮುಂದಿನ ಸ್ಟಾಪಿನಲ್ಲಿ ಇಳಿದು, ಯಾರದೋ ಬೈಕ್ ಹತ್ತಿ ವಾಪಸ್ ಬಂದಿರಿ. ನಾನಿನ್ನೂ ಅಳುತ್ತಾ ಅಲ್ಲೇ ನಿಂತಿದ್ದೆ. ಚಹಾ ಕುಡಿಯಿರಿ ಅಂದರೆ "ಹೊತ್ತಾಯ್ತು ತಂಗಿ" ಅಂದು ಹೊರಟೇಬಿಟ್ಟಿರಿ. ಹೆಸರು ಕೇಳೋದೂ ಮರೆತೆ.

ಆಫ್ರಿಕಾ ಮೂಲದ ನಮ್ಮ ಸಿದ್ದಿ ಸಮುದಾಯದ ಹೆಂಗಸರು ಹಳೇ ಬಟ್ಟೆ ಚೂರುಗಳನ್ನು ಅಂಚಿನಿಂದ ಸುತ್ತುತ್ತಾ ನಡುವಿನವರೆಗೆ ಹೊಲಿಯುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ ಹೂವು ಇಡಲೇಬೇಕು, ಇಲ್ಲದಿದ್ದರೆ ಕೌದಿ ಬೆತ್ತಲೆ ಅಂತ ಲೆಕ್ಕ. ಇದರಲ್ಲಿ ನನ್ನ ಶಾಲೆಯ ಯೂನಿಫಾರ್ಮ್ ಇದೆ, ಆಯಿಯ ಓಟದ ಬನಿಯನ್ನೂ ಇದೆ.

1980ರ ದಶಕದ ಕೊನೆಯಲ್ಲಿ ಸರ್ಕಾರದ ಕ್ರೀಡಾ ಯೋಜನೆಗೆ ಸಿದ್ದಿ ಮಕ್ಕಳನ್ನು ಆರಿಸಿದಾಗ ಆಯಿಯೂ ಹೋಗಿದ್ದಳು. ಕೆಲವೇ ವರ್ಷಕ್ಕೆ ಅದು ನಿಂತಿತು. ಆಯಿಯ ಓಟ ನಿಲ್ಲಲಿಲ್ಲ. ನನಗೆ ಶಾಲೆಯ ಬಸ್ ತಪ್ಪಿದರೆ ಸೀರೆ ಎತ್ತಿಕಟ್ಟಿ, ಹಿಂದೆಯೇ ಓಡಿ ನಿಲ್ಲಿಸುತ್ತಿದ್ದಳು!

ಮೊನ್ನೆ ನೀವು ಮಾಡಿದ್ದೂ ಹೆಚ್ಚುಕಮ್ಮಿ ಅದನ್ನೇ ಅಲ್ವಾ? ಅಣ್ಣಾ, ಚಹಾ ಬಾಕಿ ಇದೆ.